ಫ್ಲಾಂಬೋ ನದಿಯ ಮಸ್ಕಿ: ಮುಂದಿನ ಅರ್ಧ ಹೊಂಬಣ್ಣ, ಹಿಂದಿನ ಅರ್ಧ ಕಡುಕಪ್ಪು. ಇದೇನಿರಬಹುದು?

ಪ್ರಶ್ನೆ: ಓ ಕ್ಲೇರ್, ವಿಸ್ಕಾನ್ಸಿನ್‌ನಿಂದ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಮೀನು ನನ್ನ ಕಣ್ಣಮುಂದೆಯೇ ಇದೆ. ಬಲ್ಲವರು ಯಾರಾದರೂ ಅದರ ವಿಷಯ ಹೇಳಿದರೆ ನನಗೂ ನೆಮ್ಮದಿ, ಅಪ್ಪನಿಗೂ ನೆಮ್ಮದಿ.

ಕಳೆದ ಶನಿವಾರ ಅಪ್ಪನನ್ನು ಕರೆದುಕೊಂಡು ಫ್ಲಾಂಬೋ ನದಿಗೆ ಹೋಗಿದ್ದೆ. ಅಪ್ಪ ತೀರ್ಥಹಳ್ಳಿಯವರು, 71 ವರ್ಷ. ತುಂಗೆಯ ದಡದಲ್ಲಿ ಕೂರಿಸಿಕೊಂಡು ನನಗೆ ಗಾಳಕ್ಕೆ ಎರೆಹುಳು ಚುಚ್ಚುವುದನ್ನು ಕಲಿಸಿದವರು ಅವರೇ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ, ರಜೆ ಸಿಕ್ಕಿದ ದಿನ ದೋಣಿಯಲ್ಲಿರುತ್ತೇನೆ. ಅಪ್ಪ ಬರುವ ವಾರ ಊರಿಗೆ ಹೊರಡುತ್ತಾರೆ. ಅಷ್ಟರೊಳಗೆ ಅವರಿಗೆ ಒಂದು ಮಸ್ಕಿಯನ್ನು ಕಣ್ಣಾರೆ ತೋರಿಸಲೇಬೇಕೆಂದು ಹಟ ಹಿಡಿದಿದ್ದೆ.

ಮಸ್ಕಿ ಎಂದರೆ ಮಸ್ಕಿಲಂಜ್. 1955ರಲ್ಲಿ ವಿಸ್ಕಾನ್ಸಿನ್ ತನ್ನ ರಾಜ್ಯದ ಮೀನೆಂದು ಆರಿಸಿಕೊಂಡದ್ದು ಇದನ್ನೇ. ಈ ನೆಲದ ಒಜಿಬ್ವೆ ಜನರ ಬಾಯಲ್ಲಿ ಅದು ಮಾಷ್ಕಿನೋಜೆ. ಇಂಗ್ಲಿಷಿನವರ ಹೆಸರು ಹುಟ್ಟಿದ್ದು ಅಲ್ಲಿಂದ. ಹತ್ತು ಸಾವಿರ ಸಲ ಎಸೆದರೆ ಒಂದು ಸಿಗುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಆ ಮಾತಿನಲ್ಲಿ ಹೆಚ್ಚು ಉತ್ಪ್ರೇಕ್ಷೆಯಿಲ್ಲ.

ನೀರು 12 ಡಿಗ್ರಿ ಸೆಲ್ಸಿಯಸ್ ಇತ್ತು. ಫ್ಲಾಂಬೋ ನೀರು ನೋಡಿದವರಿಗೆ ಗೊತ್ತು, ಹಾಲು ಹಾಕದ ಚಹಾದ ಬಣ್ಣ. ದೊಡ್ಡ ಬಕ್‌ಟೈಲ್, ಅಂದರೆ ಕೂದಲ ಕುಚ್ಚು ಕಟ್ಟಿದ ಹುಸಿ ಎರೆಯ ಗಾಳ, ಎಸೆದು ಎಳೆಯುತ್ತಿದ್ದೆ. ಅದು ದೋಣಿಯ ಪಕ್ಕಕ್ಕೆ ಬಂದಾಗ, ಎಲ್ಲರೂ ಮಾಡುವಂತೆ, ರಾಡಿನ ತುದಿಯನ್ನು ನೀರಿಗಿಳಿಸಿ ದೊಡ್ಡದಾಗಿ 8 ಬರೆದೆ. ಎರಡನೆಯ ಸುತ್ತಿನಲ್ಲಿ ಒಂದು ತಲೆ ಮೇಲಕ್ಕೆ ತೇಲಿ ಬಂತು. ‘ಸಣ್ಣದು, ಬಿಡು’ ಎಂದರು ಅಪ್ಪ. ನನಗೂ ಹಾಗೆಯೇ ಕಂಡಿತು. ಅದರ ಹಿಂದೆ ಇದ್ದ ಕಪ್ಪನ್ನು ನಾವಿಬ್ಬರೂ ದೋಣಿಯ ನೆರಳು ಎಂದುಕೊಂಡಿದ್ದೆವು. ಗಾಳ ಕಚ್ಚಿ ಹೊರಳಿದಾಗ ಆ ನೆರಳೂ ಜೊತೆಗೇ ಹೊರಳಿತು.

ಬಲೆಯೊಳಗೆ, ನೀರಿನಲ್ಲೇ ಇಟ್ಟು ಅಳೆದೆ: 43 ಅಂಗುಲ. ಚಿತ್ರ ಮೂರು ತೆಗೆದೆ, ಒಂದು ಮಸುಕಾಗಿದೆ, ಉಳಿದೆರಡರಲ್ಲೂ ನೀರಿನ ಹೊಳಪು ಅಡ್ಡ ಬಂದಿದೆ. ಹಾಗಾಗಿ ಕಂಡದ್ದನ್ನು ಬರೆದೇ ಹೇಳುತ್ತೇನೆ. ಮೂತಿಯಿಂದ ಹೊಟ್ಟೆಯ ಈಜುರೆಕ್ಕೆಗೆ ನಾಲ್ಕು ಬೆರಳು ಮೊದಲಿನವರೆಗೆ ಎಲ್ಲ ಮಸ್ಕಿಗಳ ಹಾಗೆಯೇ ಇದೆ. ಹೊಂಬಣ್ಣಕ್ಕೆ ತುಸು ಹಸಿರು ಬೆರೆಸಿದಂಥ ಮೈ, ಬೆನ್ನಿನಿಂದ ಕೆಳಕ್ಕೆ ಇಳಿದ ಕಂದು ಪಟ್ಟೆಗಳು. ಅಲ್ಲಿಂದ ಬಾಲದವರೆಗೆ ಹಳೆಯ ದೋಸೆ ಕಾವಲಿಯ ಕಪ್ಪು. ಪಟ್ಟೆಯೇ ಇಲ್ಲ, ಅಥವಾ ಇದ್ದರೂ ಕಪ್ಪಿನಲ್ಲಿ ಮುಳುಗಿಹೋಗಿದೆ. ನಡುವಿನ ಗಡಿ ನಿಧಾನವಾಗಿ ಕರಗುವಂಥದ್ದಲ್ಲ, ಬೆರಳಿಟ್ಟು ಇಲ್ಲಿ ಎಂದು ತೋರಿಸಬಹುದು. ಕೆಳಹೊಟ್ಟೆ ಮಾತ್ರ ಹಿಂದೆಯೂ ಬಿಳಿಯೇ.

ಅಪ್ಪ ಕೈಯನ್ನು ಒದ್ದೆ ಮಾಡಿಕೊಂಡು ಎರಡೂ ಭಾಗವನ್ನು ಮೆಲ್ಲಗೆ ಸವರಿದರು. ಲೋಳೆ ಎರಡು ಕಡೆಯೂ ಒಂದೇ ಥರ ಇದೆ, ಹುಣ್ಣಿಲ್ಲ, ಊತವಿಲ್ಲ ಎಂದರು. ನಮ್ಮೂರಿನ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮಂಡಕ್ಕಿ ಎಸೆದಾಗ ಮೇಲೆ ಬರುವ ನೂರಾರು ಮೀನುಗಳನ್ನು ಅರವತ್ತು ವರ್ಷದಿಂದ ನೋಡುತ್ತಾ ಬಂದವರು ಅವರು. ಅಲ್ಲಿಯೂ ಇಂಥದ್ದನ್ನು ಕಂಡಿಲ್ಲವಂತೆ.

ಮೀನನ್ನು ಬಿಟ್ಟುಬಿಟ್ಟೆ. ಬಾಲ ಹಿಡಿದು ನಿಲ್ಲಿಸಿಕೊಂಡಿದ್ದೆ, ತಾನಾಗಿಯೇ ಒದ್ದು ಹೊರಟುಹೋಯಿತು. ಇದು ಮಸ್ಕಿಯ ಹತ್ತಿರದ ಸಂಬಂಧಿಯಾದ ಪೈಕ್ ಮೀನಿನ ಜೊತೆಗಿನ ಮಿಶ್ರತಳಿಯೇ? ಕಾಯಿಲೆಯೇ? ಕಾಯಿಲೆಯಾಗಿದ್ದರೆ ಬಿಟ್ಟದ್ದು ತಪ್ಪಾಯಿತೇ? ಈ ಕೊನೆಯ ಪ್ರಶ್ನೆಯೇ ನನಗೆ ನಿದ್ದೆ ಕೊಡುತ್ತಿಲ್ಲ.


ಉತ್ತರ: ಡುಲೂತ್, ಮಿನ್ನೆಸೋಟದಿಂದ

ತಂಗೀ, ಮೊದಲು ಮೀನು ಸಿಕ್ಕಿದ್ದಕ್ಕೆ ಅಭಿನಂದನೆ. ಅದೂ ಅಪ್ಪನ ಎದುರಿಗೆ. ನಾನು ಸೇಂಟ್ ಲೂಯಿ ನದೀಮುಖದಲ್ಲಿ ಹದಿನೆಂಟು ವರ್ಷದಿಂದ ಮಸ್ಕಿಯ ಬೆನ್ನು ಹತ್ತಿದವನು. ನಮ್ಮದೂ ಚಹಾ ಬಣ್ಣದ ನೀರೇ.

ಮಸ್ಕಿಯ ಬಣ್ಣ ನೋಡಿ ಬೆರಗಾಗದ ವರ್ಷವಿಲ್ಲ. ಒಂದೇ ಜಾತಿ, ಆದರೂ ಕೆಲವು ಪಟ್ಟೆಯವು, ಕೆಲವು ಚುಕ್ಕೆಯವು, ಕೆಲವಕ್ಕೆ ಎರಡೂ ಇಲ್ಲದೆ ಮೈಯೆಲ್ಲ ಒಂದೇ ಬಣ್ಣ. ಹಿಂದೆ ಇವುಗಳನ್ನು ಮೂರು ಉಪಜಾತಿಗಳೆಂದೇ ಎಣಿಸುತ್ತಿದ್ದರು: ಮಹಾಸರೋವರಗಳದ್ದು ಚುಕ್ಕೆ, ಓಹಾಯೋ ಸೀಮೆಯದ್ದು ಪಟ್ಟೆ, ವಿಸ್ಕಾನ್ಸಿನ್, ಮಿನ್ನೆಸೋಟ ಕಡೆಯದ್ದು ಬೋಳು ಎಂದು. ಈಗ ಆ ವಿಂಗಡಣೆಯನ್ನು ಒಪ್ಪುವುದಿಲ್ಲ, ಒಂದೇ ನದಿಯಲ್ಲಿ ಮೂರೂ ಬಗೆ ಸಿಗುವುದುಂಟು. ಅದರ ಮೇಲೆ ನೀರಿನ ಪ್ರಭಾವ ಬೇರೆ. ಜೌಗು ನೆಲದ ಎಲೆ, ತೊಗಟೆ, ಪಾಚಿಯಿಂದ ಟ್ಯಾನಿನ್ ಇಳಿದು ಕಂದಾದ ನೀರಿನಲ್ಲಿ ಮೀನಿನ ಮೈ ಗಾಢವಾಗುತ್ತದೆ. ಸೇಂಟ್ ಕ್ಲೇರ್ ಸರೋವರದಂಥ ತಿಳಿನೀರಿನಲ್ಲಿ ಬೆಳ್ಳಿಯ ತಗಡಿನ ಹಾಗೆ ಹೊಳೆಯುತ್ತದೆ. ನಿಮ್ಮದು ಫ್ಲಾಂಬೋ, ಹಾಗಾಗಿ ಕಪ್ಪು ಎನ್ನುವುದು ನನ್ನ ಮೊದಲ ಊಹೆ.

ಮಿಶ್ರತಳಿಯ ವಿಷಯಕ್ಕೆ ಬಂದರೆ, ನಾರ್ದರ್ನ್ ಪೈಕ್ ಮತ್ತು ಮಸ್ಕಿ ಕೂಡಿ ಹುಟ್ಟಿದ್ದನ್ನು ಟೈಗರ್ ಮಸ್ಕಿ ಎನ್ನುತ್ತಾರೆ. ಅದರ ಪಟ್ಟೆಗಳು ಮುರಿದು ಹೆಣೆದುಕೊಂಡಂತೆ ಬಲು ಚೆಂದ. ಅದಕ್ಕೆ ಸಂತಾನವಾಗುವುದಿಲ್ಲ. 1919ರಲ್ಲಿ ಲಾಕ್ ವ್ಯೂ ಡೆಸರ್ಟ್ ಸರೋವರದಲ್ಲಿ ಸಿಕ್ಕಿದ 51 ಪೌಂಡ್ 3 ಔನ್ಸಿನ ಟೈಗರ್ ಇವತ್ತಿಗೂ ವಿಶ್ವದಾಖಲೆ. ಆದರೆ ಟೈಗರ್‌ನಲ್ಲಿ ಹೀಗೆ ಅರ್ಧ ಮೈ ಕಪ್ಪಾದದ್ದನ್ನು ನಾನು ನೋಡಿಲ್ಲ.

ಬಣ್ಣವನ್ನು ನಂಬಿ ಜಾತಿ ಹೇಳಬಾರದು. ಮೂರು ಕಡೆ ನೋಡಿ ಹೇಳಿ. ಕೆಳದವಡೆಯ ಅಡಿಯಲ್ಲಿ ಸೂಜಿಯಿಂದ ಚುಚ್ಚಿದಂಥ ರಂಧ್ರಗಳಿರುತ್ತವೆ. ಒಂದೊಂದು ಬದಿಗೆ ಆರರಿಂದ ಒಂಬತ್ತಿದ್ದರೆ ಮಸ್ಕಿ, ಐದು ಅಥವಾ ಕಡಿಮೆ ಇದ್ದರೆ ಪೈಕ್. ಕೆನ್ನೆಯ ಮೇಲರ್ಧದಲ್ಲಿ ಮಾತ್ರ ಹುರುಪೆ ಇದ್ದರೆ ಮಸ್ಕಿ, ಕೆನ್ನೆ ತುಂಬ ಇದ್ದರೆ ಪೈಕ್. ಬಾಲದ ತುದಿಗಳು ಚೂಪಾಗಿದ್ದರೆ ಮಸ್ಕಿ, ಗುಂಡಗಿದ್ದರೆ ಪೈಕ್ ಅಥವಾ ಟೈಗರ್.


ಪ್ರಶ್ನೆ ಕೇಳಿದವರು

ಅಣ್ಣಾ, ನಿಮ್ಮ ಮಾತು ಓದಿದ ಕೂಡಲೇ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಹಿಗ್ಗಿಸಿ ನೋಡಿದೆ. ಗಾಳ ಬಿಡಿಸುವಾಗ ತೆಗೆದ ಒಂದರಲ್ಲಿ ದವಡೆಯ ಅಡಿ ಕಾಣುತ್ತದೆ. ಬಲಕ್ಕೆ ಏಳು ರಂಧ್ರ, ಎಡಕ್ಕೆ ಎಂಟು. ಅಪ್ಪ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಎಣಿಸಿದರು, ಅಷ್ಟೇ ಬಂತು. ಕೆನ್ನೆಯ ಕೆಳಭಾಗ ನುಣುಪು. ಬಾಲದ ತುದಿಗಳು ಚೂಪು. ಹಾಗಾದರೆ ಅಪ್ಪಟ ಮಸ್ಕಿಯೇ.

ಆದರೆ ನೀರಿನ ಬಣ್ಣದ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ, ತಪ್ಪು ತಿಳಿಯಬೇಡಿ. ಮೀನು ಮುಳುಗಿರುವುದು ಒಂದೇ ನೀರಿನಲ್ಲಿ. ಆ ನೀರು ಹಿಂದಿನ ಅರ್ಧವನ್ನು ಮಾತ್ರ ಕಪ್ಪು ಮಾಡಿ ಮುಂದಿನ ಅರ್ಧವನ್ನು ಹೇಗೆ ಬಿಟ್ಟಿತು?


ಉತ್ತರ: ಮಿಷಿಗನ್‌ನಿಂದ

ಅಕ್ಕ, ಹೆದರಿಸಲು ಹೇಳುತ್ತಿಲ್ಲ, ಆದರೆ ರೋಗದ ಸಾಧ್ಯತೆಯನ್ನು ತಳ್ಳಿಹಾಕಬೇಡಿ. ನಮ್ಮ ಕಡೆ ಸ್ಮಾಲ್‌ಮೌತ್ ಬಾಸ್ ಮೀನುಗಳ ಮೈಮೇಲೆ ಮಸಿ ಚೆಲ್ಲಿದಂಥ ಕಪ್ಪು ಮಚ್ಚೆಗಳು ಕಾಣಿಸುತ್ತಿವೆ. ಅದರ ಜೊತೆ ಒಂದು ಅಡೊಮವೈರಸ್ ಇರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಮಸ್ಕಿ, ಪೈಕ್ ಎರಡರಲ್ಲೂ ಲಿಂಫೋಸಾರ್ಕೋಮ ಎಂಬ ಗಡ್ಡೆ ರೋಗವಿದೆ, ನೀಲಿ ಚುಕ್ಕೆ ರೋಗವೂ ಇದೆ. ಆ ವಲಯದ ಮೀನುಗಾರಿಕಾ ಅಧಿಕಾರಿಗೆ ಚಿತ್ರ ಕಳುಹಿಸಿ. ಅವರಿಗೆ ಇಂಥ ಮಾಹಿತಿ ಬೇಕಿರುತ್ತದೆ. ಮತ್ತೆ, ಮೀನನ್ನು ತಿನ್ನಲಿಲ್ಲ ತಾನೇ?


ಪ್ರಶ್ನೆ ಕೇಳಿದವರು

ತಿನ್ನಲಿಲ್ಲ. ವಿಸ್ಕಾನ್ಸಿನ್‌ನಲ್ಲಿ 50 ವರ್ಷದೊಳಗಿನ ಹೆಂಗಸರು, 15 ವರ್ಷದೊಳಗಿನ ಮಕ್ಕಳು ಪಾದರಸದ ಕಾರಣಕ್ಕೆ ಮಸ್ಕಿ ತಿನ್ನಲೇಬಾರದೆಂಬ ಸೂಚನೆಯಿದೆ. ಮನೆಯಲ್ಲಿ ನನ್ನ ಇಬ್ಬರು ಹುಡುಗಿಯರಿದ್ದಾರೆ. ಅಲ್ಲದೆ ಇಷ್ಟು ವರ್ಷ ಬದುಕಿದ ಮೀನನ್ನು ಕೊಲ್ಲಲು ನನಗೆ ಮನಸ್ಸೇ ಬರುವುದಿಲ್ಲ. ಅಪ್ಪ ಮಲೆನಾಡಿನವರು, ಮೀನು ಸಾರಿಲ್ಲದೆ ವಾರ ಕಳೆಯದವರು. ಅವರೂ ‘ಬಿಟ್ಟುಬಿಡು’ ಎಂದೇ ಹೇಳಿದರು.

ಅಧಿಕಾರಿಗೆ ಇವತ್ತೇ ಬರೆಯುತ್ತೇನೆ.


ಉತ್ತರ: ಮಂಗಳೂರಿನಿಂದ

ಅಮ್ಮ, ನಾನು ಮೀನುಗಾರಿಕೆ ವಿಜ್ಞಾನ ಕಲಿಸಿ ನಿವೃತ್ತನಾದವನು. ಮಸ್ಕಿಯನ್ನು ಚಿತ್ರದಲ್ಲಿ ಬಿಟ್ಟರೆ ಕಂಡವನಲ್ಲ. ಆದರೆ ಮೀನಿನ ಚರ್ಮ ನನ್ನ ಪಾಠದ ವಿಷಯವೇ ಆಗಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

‘ಒಂದೇ ನೀರು ಅರ್ಧವನ್ನು ಮಾತ್ರ ಹೇಗೆ ಕಪ್ಪು ಮಾಡಿತು’ ಎಂದು ಕೇಳಿದಿರಿ. ಸರಿಯಾದ ಕಡೆ ಕೈ ಇಟ್ಟಿದ್ದೀರಿ. ಮೀನಿನ ಬಣ್ಣ ಗೋಡೆಗೆ ಬಳಿದ ಸುಣ್ಣದಂಥದ್ದಲ್ಲ. ಚರ್ಮದಲ್ಲಿ ನಕ್ಷತ್ರದ ಆಕಾರದ ವರ್ಣಕೋಶಗಳಿವೆ. ಅವುಗಳೊಳಗೆ ಮೆಲನಿನ್‌ನ ಕಪ್ಪು ಕಣಗಳಿವೆ. ಆ ಕಣಗಳು ಕೋಶದ ನಡುವಿಗೆ ಮುದುಡಿಕೊಂಡರೆ ಮೈ ತಿಳಿಯಾಗುತ್ತದೆ, ಕೋಶದ ಕೈಗಳ ತುದಿಯವರೆಗೆ ಹರಡಿಕೊಂಡರೆ ಕಪ್ಪಾಗುತ್ತದೆ. ಮೀನು ಕೆಳಗಿನ ನೆಲದ ಬಣ್ಣವನ್ನು ಕಣ್ಣಿನಿಂದ ನೋಡುತ್ತದೆ, ಮೆದುಳು ಅದಕ್ಕೆ ತಕ್ಕ ಹಾಗೆ ನರಗಳ ಮೂಲಕವೂ ಹಾರ್ಮೋನುಗಳ ಮೂಲಕವೂ ಅಪ್ಪಣೆ ಕಳುಹಿಸುತ್ತದೆ. ನರದ ದಾರಿ ಬೇಗ, ಹಾರ್ಮೋನಿನ ದಾರಿ ನಿಧಾನ. ಕಣ್ಣು ಹೋದ ಮೀನು ಮೈಯೆಲ್ಲ ಕಪ್ಪಾಗುವುದನ್ನು ಮರಿ ಸಾಕುವ ಕೊಳಗಳಲ್ಲಿ ಕೆಲಸ ಮಾಡಿದವರು ನೋಡಿಯೇ ಇರುತ್ತಾರೆ.

ಈಗ ಮುಖ್ಯವಾದದ್ದು. ಅನುವೇದನಾ ನರಗಳು ಆ ಕೋಶಗಳಿಗೆ ಕೊಡುವ ಅಪ್ಪಣೆ ‘ಮುದುಡು’ ಎಂಬುದು. ನರ ತುಂಡಾದರೆ ಅಪ್ಪಣೆ ತಲುಪುವುದಿಲ್ಲ. ಅಪ್ಪಣೆ ಇಲ್ಲದ ಕಡೆ ಕಣಗಳು ಹರಡಿಕೊಳ್ಳುತ್ತವೆ, ಅಷ್ಟು ಭಾಗ ಕಪ್ಪಾಗುತ್ತದೆ. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಹೆಸರನ್ನು ಕೇಳಿರುತ್ತೀರಿ. ಅವರು ಜೇನಿಗೆ ಕೈ ಹಾಕುವ ಮೊದಲು, 1911ರ ಸುಮಾರಿಗೆ, ಮಿನೋ ಎಂಬ ಪುಟ್ಟ ಹೊಳೆಮೀನಿನಲ್ಲಿ ಇದನ್ನೇ ತೋರಿಸಿದ್ದರು. ಬೆನ್ನುಮೂಳೆಯ ಕೆಳಗೆ ಉದ್ದಕ್ಕೂ ಸಾಗುವ ನರಸರಪಳಿಯನ್ನು ಕತ್ತರಿಸಿದರೆ ಅಲ್ಲಿಂದ ಹಿಂದಿನ ಮೈ ಕಪ್ಪಾಗುತ್ತಿತ್ತು, ಗಡಿ ಸ್ಪಷ್ಟವಾಗಿರುತ್ತಿತ್ತು. ಎಷ್ಟೋ ವರ್ಷ ನಾನು ಇದನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೇನೆ. 43 ಅಂಗುಲದ ನದಿಮೀನಿನಲ್ಲಿ ಅದನ್ನೇ ಕಂಡ ಒಬ್ಬರ ಮಾತು ಓದುವ ಭಾಗ್ಯ ಇವತ್ತು ಬಂತು.

ಕೆಳಹೊಟ್ಟೆ ಬಿಳಿಯಾಗಿಯೇ ಉಳಿದದ್ದೂ ಇದಕ್ಕೆ ಹೊಂದುತ್ತದೆ. ಅಲ್ಲಿ ಕಪ್ಪು ಕೋಶಗಳೇ ವಿರಳ, ಹರಡಿಕೊಳ್ಳಲು ಏನೂ ಇಲ್ಲ. ಮಿಷಿಗನ್‌ನವರು ಹೇಳಿದ ರೋಗಗಳು ನಿಜ. ಆದರೆ ಬಾಸ್ ಮೀನಿನ ಮಚ್ಚೆಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದಂತಿರುತ್ತವೆ. ಲಿಂಫೋಸಾರ್ಕೋಮದಲ್ಲಿ ಊತ, ಹುಣ್ಣು ಇರಬೇಕು. ನಿಮ್ಮ ತಂದೆಯವರ ಬೆರಳಿಗೆ ಅವು ಸಿಕ್ಕಿಲ್ಲ. ನೀಲಿ ಚುಕ್ಕೆ ರೋಗ ಹರ್ಪಿಸ್ ಗುಂಪಿನ ವೈರಸ್‌ನಿಂದ ಬರುವಂಥದ್ದು, ವಸಂತದಲ್ಲಿ ಮೊಟ್ಟೆಯಿಡುವ ಕಾಲದ ತಣ್ಣೀರಿನಲ್ಲಿ ನಸುನೀಲಿ ಬಿಳಿ ಚುಕ್ಕೆಗಳಾಗಿ ಕಾಣಿಸಿ, ನೀರು ಬೆಚ್ಚಗಾದಂತೆ ಮಾಯವಾಗುತ್ತದೆ. ಯಾವುದೂ ಇದಲ್ಲ.

ನನಗೆ ಮೂರು ವಿಷಯ ತಿಳಿಯಬೇಕು. ಆ ಗಡಿಯ ಹತ್ತಿರ, ಬೆನ್ನಿನ ಮೇಲೆ ಹಳೆಯ ಗಾಯದ ಗುರುತಿದೆಯೇ? ಮೀನು ಸಿಕ್ಕಿದ ಕಡೆ ತಳ ಹೇಗಿತ್ತು, ಕೆಸರೋ ಮರಳೋ? ಬಲೆಯಲ್ಲಿ ಇಟ್ಟುಕೊಂಡಿದ್ದಷ್ಟು ಹೊತ್ತಿನಲ್ಲಿ ಬಣ್ಣವೇನಾದರೂ ಬದಲಾಯಿತೇ?


ಪ್ರಶ್ನೆ ಕೇಳಿದವರು

ಮೇಷ್ಟರೇ, ನಿಮಗೆ ನಮಸ್ಕಾರ. ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಗಾಯ ಎಂಬ ಮಾತು ಬಂದ ಕೂಡಲೇ ಅವರು ಕೈ ಎತ್ತಿ ನಿಲ್ಲಿಸಿದರು. ‘ಬೆನ್ನಿನ ಮೇಲೆ ಒಂದು ಕಡೆ ಕೈಗೆ ತಗ್ಗು ಸಿಕ್ಕಿತ್ತು, ಹುರುಪೆ ಅಡ್ಡಾದಿಡ್ಡಿ ಕೂತಿತ್ತು. ಹಳೆಯದು, ಮಾಗಿಹೋಗಿದೆ ಅಂತ ಹೇಳಲಿಲ್ಲ’ ಎಂದರು.

ಇಬ್ಬರೂ ಚಿತ್ರದ ಮುಂದೆ ಕುಳಿತೆವು. ಇದೆ. ನೀರಿನ ಹೊಳಪಿನ ಅಂಚಿನಲ್ಲಿ, ಬೆನ್ನಿನ ಬಲಭಾಗದಲ್ಲಿ, ಹೆಬ್ಬೆರಳಿನಷ್ಟು ಅಗಲದ ಗುಳಿ. ಸುತ್ತಲಿನ ಹುರುಪೆಗಳು ಸಾಲಿನಲ್ಲಿಲ್ಲ, ಒಡೆದ ಹೆಂಚನ್ನು ಮತ್ತೆ ಹೊದಿಸಿದ ಹಾಗೆ ಒಂದರ ಮೇಲೊಂದು ಓರೆಯಾಗಿ ಕೂತಿವೆ. ಅಲ್ಲಿ ಬೆನ್ನಿನ ಗೆರೆಯೇ ಸ್ವಲ್ಪ ತಗ್ಗಿದೆ. ಕಪ್ಪು ಶುರುವಾಗುವುದು ಅದರಿಂದ ಎರಡು ಬೆರಳು ಹಿಂದೆ. ಮೂರು ದಿನ ಆ ಚಿತ್ರವನ್ನು ನೋಡಿದ್ದೇನೆ, ಕಪ್ಪನ್ನೇ ನೋಡುತ್ತಿದ್ದೆನೇ ಹೊರತು ಕಪ್ಪಿನ ಬಾಗಿಲನ್ನು ನೋಡಿರಲಿಲ್ಲ.

ತಳ ಮರಳು. ಸಣ್ಣ ಹೊಳೆಯೊಂದು ಬಂದು ಸೇರುವ ಕಡೆ ಮರಳಿನ ದಿಬ್ಬವಿದೆ, ಮೂರೂವರೆ ಅಡಿ ನೀರು. ಅಂಥ ಕಂದು ನೀರಿನಲ್ಲೂ ಅಲ್ಲಿ ತಳ ಹಳದಿಯಾಗಿ ಕಾಣುತ್ತದೆ. ಅದರ ಕೆಳಗೆ ಆಳದ ಮಡು.

ಬಣ್ಣ ಬದಲಾದದ್ದನ್ನು ಅಪ್ಪ ಗಮನಿಸಿದ್ದರು, ನಾನು ಗಾಳ ಬಿಡಿಸುವುದರಲ್ಲಿದ್ದೆ. ಮೊದಲು ಬಲೆಗೆ ಬಂದಾಗ ಮುಂಭಾಗದ ಪಟ್ಟೆಗಳು ಮಾಸಲಾಗಿದ್ದವಂತೆ, ಬಿಡುವ ಹೊತ್ತಿಗೆ ಗಾಢವಾಗಿ ಎದ್ದು ಕಾಣುತ್ತಿದ್ದವಂತೆ. ಮೊದಲ ಚಿತ್ರವನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟರೆ ನನಗೂ ಹಾಗೆಯೇ ಕಾಣುತ್ತದೆ. ಹಿಂಭಾಗ ಎರಡರಲ್ಲೂ ಒಂದೇ ಕಪ್ಪು, ಒಂದಿಷ್ಟೂ ಅಲುಗಾಡಿಲ್ಲ.


ಉತ್ತರ: ಮಂಗಳೂರಿನಿಂದ

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಈ ವ್ಯತ್ಯಾಸವನ್ನು ಗಮನಿಸುತ್ತಿದ್ದರೋ ಕಾಣೆ. ಮುಂಭಾಗ ಅಪ್ಪಣೆ ಕೇಳುತ್ತಿದೆ, ಹಿಂಭಾಗ ಕೇಳುತ್ತಿಲ್ಲ. ಹಿಡಿದ ಗಾಬರಿಗೆ ಮುಂದಿನ ಚರ್ಮ ಕೆಲವು ನಿಮಿಷದಲ್ಲಿ ಬಣ್ಣ ಬದಲಿಸಿತು, ಹಿಂದಿನದು ಸುಮ್ಮನೆ ಇತ್ತು. ಚಿತ್ರ ನೋಡಿ ಇಷ್ಟರಮಟ್ಟಿಗೆ ಹೇಳಬಹುದಾದರೆ, ಇದು ನರದ ಗಾಯದ ಕಪ್ಪು. ಒಳಗೆ ಗಡ್ಡೆಯೊಂದು ನರವನ್ನು ಒತ್ತುತ್ತಿದ್ದರೂ ಹೀಗೆಯೇ ಆಗಬಹುದು, ಆದರೆ ಆ ಗುಳಿ ಇರುವಾಗ ನಾನು ಗಾಯದ ಕಡೆಗೇ ವಾಲುತ್ತೇನೆ.

ಇನ್ನೊಂದು ಮಾತು. ಆ ಮೀನು ಮಡುವಿನ ಕಪ್ಪು ತಳದ ಮೇಲೆ ನಿಂತಾಗ ಮುಂದಿನ ಅರ್ಧವೂ ಕಪ್ಪಾಗುತ್ತದೆ. ಆಗ ನೀವು ಹಿಡಿದಿದ್ದರೆ ಗಡಿ ಇಷ್ಟು ಸ್ಪಷ್ಟವಾಗಿ ಕಾಣದೆ ಹೋಗಬಹುದಿತ್ತು. ಹಳದಿ ಮರಳಿನ ಮೇಲೆ ಬಂದದ್ದರಿಂದ ಮುಂದಿನ ಅರ್ಧ ತಿಳಿಯಾಯಿತು, ಹಿಂದಿನದಕ್ಕೆ ತಿಳಿಯಾಗಲು ದಾರಿಯಿಲ್ಲ. ಹೀಗೆ ಕಣಗಳು ಬಹುಕಾಲ ಹರಡಿಕೊಂಡೇ ಇದ್ದರೆ ಕಪ್ಪು ಕೋಶಗಳ ಸಂಖ್ಯೆಯೂ ಹೆಚ್ಚುತ್ತದೆ. ದೋಸೆ ಕಾವಲಿ ಎಂದಿರಲ್ಲ, ಅಷ್ಟು ದಟ್ಟವಾಗಲು ಅದೇ ಕಾರಣವಿರಬೇಕು. ಗಾಯ ಬಹಳ ಹಿಂದಿನದು.

ಇದು ಅಂಟುವ ರೋಗವಲ್ಲ. ಬಿಟ್ಟದ್ದರಲ್ಲಿ ತಪ್ಪೇನೂ ಇಲ್ಲ, ನಿದ್ದೆ ಮಾಡಿ.


ಉತ್ತರ: ಡುಲೂತ್, ಮಿನ್ನೆಸೋಟದಿಂದ

ನೀರಿನ ಬಣ್ಣ ಎಂದಿದ್ದ ನನ್ನ ಊಹೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಮೇಷ್ಟರ ಮಾತು ಓದಿದ ಮೇಲೆ ನನ್ನ ಹಳೆಯ ಚಿತ್ರಗಳನ್ನೆಲ್ಲ ತೆಗೆದು ನೋಡುತ್ತಿದ್ದೇನೆ. ಒಂದು ಮಸ್ಕಿಯ ಮೈಮೇಲೆ ಅಂಗೈಯಗಲದ ಕಪ್ಪು ಪಟ್ಟಿ ಇದೆ. ಕೊಳೆ ಮೆತ್ತಿದೆ ಎಂದುಕೊಂಡು ಅವತ್ತು ಉಜ್ಜಿ ನೋಡಿದ್ದೆ, ಪಾಪ.

ಅಪ್ಪನವರಿಗೆ ಒಂದು ವಿಷಯ ಹೇಳಿ ತಂಗೀ. 43 ಅಂಗುಲದ ಮಸ್ಕಿಗೆ ಹತ್ತು ವರ್ಷ ದಾಟಿರಬಹುದು. ಮರೆಯಲ್ಲಿ ಹೊಂಚಿ ನಿಂತು ಒಮ್ಮೆಲೇ ಎಗರಿ ಬೇಟೆಯಾಡುವ ಮೀನು ಇದು, ಎದುರಿನ ಮೀನಿಗೆ ಕಾಣುವುದು ಇದರ ಮುಂದಿನ ಅರ್ಧವೇ. ಅದು ಸರಿಯಾಗಿದೆ. ನೀವು ಹೇಳಿದ ಹಾಗೆ ಬಾಲ ಒದ್ದು ಹೊರಟಿತೆಂದರೆ ಹಿಂದಿನ ಸ್ನಾಯುಗಳೂ ಕೆಲಸ ಮಾಡುತ್ತಿವೆ. ಹೊಟ್ಟೆ ತುಂಬಿತ್ತೇ?


ಪ್ರಶ್ನೆ ಕೇಳಿದವರು

ತುಂಬಿತ್ತು ಅಣ್ಣಾ. ಹೊಟ್ಟೆ ದುಂಡಗಿತ್ತು, ಬೆನ್ನಿನ ಮಾಂಸ ಗಟ್ಟಿಯಾಗಿತ್ತು.

ಅಧಿಕಾರಿಗೆ ಚಿತ್ರಗಳನ್ನೂ ಸ್ಥಳದ ವಿವರವನ್ನೂ ಕಳುಹಿಸಿದ್ದೇನೆ. ನಿನ್ನೆ ಸಂಜೆ ಕೆಲಸ ಮುಗಿಸಿ ಬರುವಾಗ ಆ ಮಸುಕಾದ ಚಿತ್ರವನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ ತಂದೆ. ಮೂರರಲ್ಲಿ ಅದೊಂದರಲ್ಲಿ ಮಾತ್ರ ಅಪ್ಪನ ಕೈಯೂ ಮೀನೂ ಒಟ್ಟಿಗೆ ಇವೆ. ಊರಿನ ಗೆಳೆಯರಿಗೆ ತೋರಿಸಲು ಬೇಕು ಎಂದಿದ್ದರು. ಗಾಯ ಇರುವ ಕಡೆ ಪೆನ್ನಿನಿಂದ ಒಂದು ಸಣ್ಣ ಸುತ್ತು ಹಾಕಿ ಕೊಟ್ಟೆ. ಅಪ್ಪ ಅದನ್ನು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ ಇಟ್ಟುಕೊಂಡಿದ್ದಾರೆ, ಸೂಟ್‌ಕೇಸಿಗೆ ಹಾಕಲು ಬಿಡಲಿಲ್ಲ.